ತರಾಟೆಯ ಕಲ್ಲು

ನಮ್ಮ ಮನೆಯ ಬಾಗಿಲ ಮುಂದೆ ಒಂದು ಚಪ್ಪಡಿ ಕಲ್ಲಿತ್ತು. ಹೊಲದಿಂದ ಬಂದವರು ಕಾಲಿನ ಕೆಸರು ತೊಳೆದುಕೊಳ್ಳಲಿ ಎಂದು ಯಾವ ಕಾಲದಲ್ಲೋ ಹಾಕಿಸಿದ್ದು. ಮನೆಯ ಮಕ್ಕಳಿಗೆ ಮಾತ್ರ ಅದು ತರಾಟೆಯ ಕಲ್ಲು. ತಪ್ಪು ಮಾಡಿ ಬಂದವರನ್ನು ಅಜ್ಜಿ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಹೊಸ್ತಿಲಿನ ಒಳಗಡೆ ತಾನು, ಹೊರಗಡೆ ಕಲ್ಲಿನ ಮೇಲೆ ನಾವು. ಕೂರುವಂತಿಲ್ಲ, ಇಳಿಯುವಂತಿಲ್ಲ, ಎದುರು ಮಾತಾಡುವಂತಿಲ್ಲ.

“ನಾನ್ಯಾರಪ್ಪಾ ಕೇಳಾಕೆ?” ಎಂದು ಶುರುವಾಗುತ್ತಿತ್ತು. ಅಲ್ಲಿಂದ ನಾವು ಹುಟ್ಟಿದ ದಿನಕ್ಕೆ ಹೋಗಿ, ಬಂದ ಜ್ವರ, ಬಿದ್ದ ಬಾವಿ, ಒಡೆದ ಮಡಕೆ ಎಲ್ಲವನ್ನೂ ದಾಟಿಕೊಂಡು, ಇವತ್ತಿನ ತಪ್ಪಿಗೆ ಬರುವ ಹೊತ್ತಿಗೆ ಕಾಲು ಜೋಮು ಹಿಡಿದಿರುತ್ತಿತ್ತು. ಕೊನೆಯಲ್ಲಿ ಅಜ್ಜಿ ಉಸಿರೆಳೆದುಕೊಂಡು, “ಕೈ ತೊಳ್ಕೊ” ಎನ್ನುತ್ತಿದ್ದಳು. ಅಷ್ಟಂದರೆ ಮುಗಿಯಿತು. ಒಳಗೆ ಮುದ್ದೆ ಕಾದಿರುತ್ತಿತ್ತು. ಬೈಸಿಕೊಂಡವರು ಹಸಿದುಕೊಂಡು ಮಲಗಿದ್ದು ನಮ್ಮ ಮನೆಯಲ್ಲಿ ಇಲ್ಲ.

ಮಕ್ಕಳಿಗೆ ಮಾತ್ರ ಎಂದುಕೊಳ್ಳಬೇಡಿ. ಬೇಗೂರಿನಲ್ಲಿದ್ದ ತಂಗಿಯ ಮನೆಗೆ ಹಬ್ಬಕ್ಕೆ ಹೋದ ನಮ್ಮಪ್ಪ ಎರಡು ದಿನ ತಡವಾಗಿ ಬಂದಾಗ, ಮೀಸೆ ಹೊತ್ತುಕೊಂಡು ಅದೇ ಕಲ್ಲಿನ ಮೇಲೆ ನಿಂತಿದ್ದನ್ನು ನಾನೇ ಕಿಟಕಿಯಿಂದ ನೋಡಿದ್ದೇನೆ. ಒಳಗೆ ಅವ್ವ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ನಮ್ಮ ಹಳ್ಳಿ ಈಗ ಜಯನಗರದ ಬ್ಲಾಕುಗಳ ನಡುವೆ ನಾಲ್ಕೈದು ಇಕ್ಕಟ್ಟಿನ ಬೀದಿಗಳಾಗಿ ಉಳಿದುಕೊಂಡಿದೆ. ಆಗ, ಐವತ್ತರ ದಶಕ ಮುಗಿಯುತ್ತಿದ್ದ ವರ್ಷಗಳಲ್ಲಿ, ಸುತ್ತ ರಾಗಿ ಹೊಲ, ಅವರೆ ಸಾಲು, ಹುಣಸೆ ಮರ. ಬಡಾವಣೆಯ ಹೊಸ ಮನೆಗಳು ದೂರದಲ್ಲಿ ಸುಣ್ಣ ಬಳಿದುಕೊಂಡು ಬೆಳ್ಳಗೆ ಕಾಣುತ್ತಿದ್ದವು. ಹಳ್ಳಿಯ ಶಾಲೆಗೆ ಒಬ್ಬರೇ ಮೇಷ್ಟ್ರು. ಒಂದು ದಿನ ಅವರನ್ನು ಕೇಳಿದೆ: “ಸಾರ್, ತರಾಟೆ ಅನ್ನೋ ಮಾತು ಎಲ್ಲಿಂದ ಬಂತು?”

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. “ಯಾಕಯ್ಯಾ, ನಿನ್ನೆ ಸಿಕ್ಕಾಕ್ಕೊಂಡ್ಯಾ? ಅದು ಕಚೇರಿ ಮಾತಿರ್ಬೇಕು. ಕುದುರೆ ಮೇಲೆ ದಂಡಿನೋರು ಬಂದ್ರಲ್ಲ ಉತ್ತರದಿಂದ, ಅವರ ಜೊತೆ ಬಂದಿರ್ಬೇಕು, ತಹಶೀಲು ಜಮಾಬಂದಿ ಎಲ್ಲಾ ಬಂದ ಹಾಗೆ. ಆದ್ರೆ ಆಣೆ ಇಟ್ಟು ಹೇಳು ಅಂದ್ರೆ ಹೇಳಲ್ಲಪ್ಪ.”

ಇದನ್ನು ಅಜ್ಜಿಗೆ ಒಪ್ಪಿಸಿದೆ. ಅವಳಿಗೆ ಸಿಟ್ಟು ಬಂತು.

“ನಿಮ್ಮೇಷ್ಟ್ರುಗೇನ್ಲಾ ಗೊತ್ತು? ಕುದ್ರೆ ಮ್ಯಾಲೆ ಬಂದೋನು ಬೈದ್ಬುಟ್ಟು ಕುದ್ರೆ ಮ್ಯಾಲೇ ಒಂಟೋಯ್ತಾನೆ. ಅದು ಬೈಗ್ಳ. ದಾರೀಲಿ ಓಗೋನ್ಗೂ ಬೈಬೋದು. ತರಾಟೆ ಅಂದ್ರೆ ನಿಲ್ಸ್ಕಂಡು ಕೇಳಾದು. ನಿಲ್ಸ್ಕಂಬೇಕು ಅಂದ್ರೆ ಅವ್ನು ನಮ್ಮೋನಾಗಿರ್ಬೇಕು. ಇಲ್ದಿದ್ರೆ ಯಾಕ್ ನಿಂತಾನು?”

ಆಮೇಲೆ ದೊಡ್ಡವನಾಗಿ ನಿಘಂಟುಗಳನ್ನು ತೆರೆದೆ. ಅರ್ಥವೇನೋ ಇತ್ತು: ಗದರಿಕೆ, ಬೈಗುಳ. ಹುಟ್ಟಿನ ವಿಚಾರ ಮಾತ್ರ ನನಗೆ ಸಮಾಧಾನವಾಗುವ ಹಾಗೆ ಎಲ್ಲೂ ಸಿಗಲಿಲ್ಲ. ಸಿಕ್ಕಿದ್ದರೂ ಅಜ್ಜಿ ಒಪ್ಪುತ್ತಿದ್ದಳೋ ಇಲ್ಲವೋ.

ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಅದೇ ಮೇಷ್ಟ್ರು ಯಾರಿಗೋ ಹೇಳಿ ನನಗೊಂದು ಕೆಲಸ ಕೊಡಿಸಿದರು. ಬಡಾವಣೆಗೆ ಜಮೀನು ಅಳೆಯುವ ಸರ್ವೇಯರ ಹತ್ತಿರ ಚೈನು ಹಿಡಿಯುವ ಕೆಲಸ. ಕಾಯಂ ಅಲ್ಲ, ಬೇಕಾದಷ್ಟು ದಿನ. ನಾನು ಮನೆಯಲ್ಲಿ ‘ಆಫೀಸ್ ಕೆಲಸ’ ಎಂದೆ. ಅಜ್ಜಿ ಬಾವಿಕಟ್ಟೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ, “ನಮ್ ಮೊಮ್ಮಗ ಆಪೀಸ್ನಾಗವ್ನೆ” ಎಂದು ಹೇಳಿಕೊಂಡು ತಿರುಗಿದಳು.

ಮೊದಲ ದಿನವೇ ಸರ್ವೇಯರು ಕೇಳಿದ್ದರು. ಖಾಕಿ ಚಡ್ಡಿ, ತಲೆಗೆ ಟೋಪಿ, ಸೈಕಲ್ಲಿನ ಹಿಂದೆ ಟಿಫನ್ ಕ್ಯಾರಿಯರ್ ಕಟ್ಟಿಕೊಂಡು ಬರುವ, ಮೆಲ್ಲಗೆ ಮಾತಾಡುವ ಮನುಷ್ಯ. “ನೋಡಪ್ಪ, ನಿಮ್ಮೋರ ಜಮೀನು ಈ ಲೈನಿಗೆ ಬರುತ್ತಾ? ಬಂದ್ರೆ ಈಗ್ಲೇ ಹೇಳ್ಬಿಡು. ಆ ಭಾಗಕ್ಕೆ ಬೇರೆಯೋರನ್ನ ಹಾಕ್ತೀನಿ. ನಾಳೆ ಅಳತೆ ಮೇಲೆ ತಕರಾರು ಬರಬಾರ್ದು.”

“ಇಲ್ಲ ಸಾರ್.”

ಆಗ ಅಳತೆ ನಡೆಯುತ್ತಿದ್ದದ್ದು ಬನಶಂಕರಿ ಕಡೆ. ಮನೆಯಿಂದ ಅಷ್ಟು ದೂರ ನಡೆದು ಹೋಗಿ, ಅಷ್ಟೇ ದೂರ ನಡೆದು ಬರುತ್ತಿದ್ದೆ. ನಮ್ಮ ಹೊಲ ಎಲ್ಲಿ, ಆ ಗೂಟಗಳೆಲ್ಲಿ ಎಂದು ನನ್ನನ್ನು ನಾನೇ ನಂಬಿಸಿಕೊಂಡಿದ್ದೆ. ಆದರೆ ದಿನಾ ಒಂದೊಂದು ಹೊಲ ದಾಟಿ ಗೂಟಗಳು ನಮ್ಮ ಕಡೆಗೇ ಬರತೊಡಗಿದವು. ಸಂಜೆ ಮನೆಗೆ ನಡೆಯಬೇಕಾದ ದಾರಿ ದಿನದಿನಕ್ಕೆ ಚಿಕ್ಕದಾಯಿತು. ದಣಿದ ಕಾಲಿಗೆ ಅದು ಸುಖವಾಗಬೇಕಿತ್ತು. ನನಗೆ ಯಾರೋ ಹಿಂದಿನಿಂದ ಬಾಗಿಲು ಒಂದೊಂದಾಗಿ ಹಾಕಿಕೊಂಡು ಬರುತ್ತಿದ್ದಾರೆ ಅನ್ನಿಸುತ್ತಿತ್ತು. ಸರ್ವೇಯರಿಗೆ ಹೇಳಿದರೆ ಕೆಲಸ ಹೋಗುತ್ತದೆ. ಮನೆಯಲ್ಲಿ ಹೇಳಿದರೆ ಮಾನ ಹೋಗುತ್ತದೆ. ಎರಡರ ನಡುವೆ ಬಾಯಿ ಮುಚ್ಚಿಕೊಂಡು ಮುದ್ದೆ ನುಂಗುತ್ತಿದ್ದೆ. ಅಷ್ಟರಲ್ಲಿ ಬಡಾವಣೆಗೆ ಹೊಲ ಅಳೆಯಲು ಬರುತ್ತೇವೆ ಎಂದು ಮನೆಗೆ ನೋಟೀಸೂ ಬಂದಿತ್ತು. ಅಜ್ಜಿ ಸಾರು ಬಡಿಸುತ್ತಾ, “ಅಳ್ಯಾಕೆ ಬರ್ಲಿ. ಅದ್ಯಾವೋನ್ ಬತ್ತಾನೋ ನಾನೂ ನೋಡ್ತೀನಿ” ಎಂದಾಗ ಸಾರು ನೆತ್ತಿಗೆ ಹತ್ತಿತು.

“ಮೆಲ್ಲುಕ್ ಉಣ್ಲಾ. ಯಾರೋ ಬೈಯ್ಕಂತಾವ್ರೆ ನಿಂಗೆ” ಎಂದು ತಲೆ ತಟ್ಟಿದಳು.

ಕಡೆಗೆ ಆ ಬೆಳಿಗ್ಗೆ ಬಂತು. ಅವರೆ ಹೂಬಿಟ್ಟು, ಕಾಯಿ ತುಂಬುತ್ತಿದ್ದ ಕಾಲ. ನಮ್ಮ ಹೊಲದ ಬದುವಿನ ಮೇಲೆ ನಿಂತಾಗ ಇಬ್ಬನಿಗೆ ನೆನೆದ ಅವರೆಯ ಸೊಗಡು ಮೂಗಿಗೆ ಬಡಿಯಿತು. ಅಪ್ಪ ಕಾಯಿ ತುಂಬಿದ ಗಾಡಿ ಹೊಡೆದುಕೊಂಡು ಮಾರುಕಟ್ಟೆಗೆ ಹೋಗಿದ್ದ. ಆ ದಿನವಾದರೂ ಜ್ವರ ಎಂದು ಮಲಗಬಹುದಿತ್ತು. ಆ ಬುದ್ಧಿ ಬರಲಿಲ್ಲ. ಬಂದಿದ್ದರೂ ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ.

ಚೈನು ಹಿಡಿಯುವ ಕೆಲಸ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಉದ್ದನೆಯ ಕಬ್ಬಿಣದ ಸರಪಳಿ, ಎರಡು ತುದಿಗೂ ಹಿತ್ತಾಳೆಯ ಹಿಡಿ. ಒಬ್ಬ ಮುಂದಕ್ಕೆ ಎಳೆದುಕೊಂಡು ಹೋಗುತ್ತಾನೆ. ಹಿಂದಿನವನು ಗೂಟಕ್ಕೆ ಹಿಡಿಯನ್ನು ಒತ್ತಿ, ಮಂಡಿಯೂರಿ ಕೂರಬೇಕು. ಸರ್ವೇಯರು ಸರಪಳಿಯ ಉದ್ದಕ್ಕೂ ನಡೆಯುತ್ತಾ ಬದು, ಮರ, ಬಾವಿ ಎಲ್ಲೆಲ್ಲಿವೆ ಎಂದು ಪುಸ್ತಕದಲ್ಲಿ ಗುರುತು ಹಾಕಿಕೊಂಡು ಮುಗಿಸುವವರೆಗೆ ಆ ಹಿಡಿ ಕೂದಲೆಳೆಯಷ್ಟೂ ಕದಲಬಾರದು. ಕದಲಿದರೆ ಮತ್ತೆ ಮೊದಲಿಂದ. ಹಿಂದಿನವನು ನಾನು.

ನಮ್ಮ ಹೊಲದ ಮೂಲೆಯಲ್ಲಿ, ನಮ್ಮ ಗೂಟಕ್ಕೆ ಹಿಡಿ ಒತ್ತಿಕೊಂಡು ಮಂಡಿಯೂರಿದ್ದಾಗ ಹುಣಸೆ ಮರದ ಕಡೆಯಿಂದ ಅಜ್ಜಿ ಬಂದಳು. ತಲೆಯ ಮೇಲೆ ಬುಟ್ಟಿ, ಕೈಯಲ್ಲಿ ಮಜ್ಜಿಗೆಯ ತಂಬಿಗೆ. ಕಾಯಿ ಕೀಳುವ ಆಳುಗಳಿಗೆ ಎಂದು ತಂದದ್ದು. ನನ್ನನ್ನು ನೋಡಿದಳು. ನಿಂತಳು. ಬುಟ್ಟಿ ಇಳಿಸಿದಳು. ಅವಳ ಬಾಯಿ ತೆರೆದುಕೊಂಡಿದ್ದು ನನಗೆ ಕಾಣಿಸಿತು. ‘ನಾನ್ಯಾರಪ್ಪಾ’ ಎಂಬುದರ ‘ನಾ’ ನನ್ನ ಕಿವಿಗೆ ಬಿದ್ದಿತ್ತು ಎಂದೇ ಈಗಲೂ ಅನ್ನಿಸುತ್ತದೆ.

ಅದೇ ಹೊತ್ತಿಗೆ ಸರ್ವೇಯರು ತಲೆಯೆತ್ತಿ ಕೂಗಿದರು: “ಯಾರಯ್ಯಾ ಆ ಅಜ್ಜಿ? ನಿಂಗೊತ್ತಾ?”

“ಗೊತ್ತಿಲ್ಲ ಸಾರ್.”

ಯೋಚಿಸಿ ಹೇಳಿದ್ದಲ್ಲ. ನಾಲಗೆಯೇ ಹೇಳಿಬಿಟ್ಟಿತು. ಅಜ್ಜಿ ಹತ್ತು ಮಾರು ದೂರದಲ್ಲಿದ್ದಳು. ಅವಳ ಕಿವಿ ಚುರುಕು.

ತೆರೆದ ಬಾಯಿ ಮುಚ್ಚಿತು. ಅವಳು ನನ್ನ ಪಕ್ಕದಲ್ಲೇ ನಡೆದು, ನನ್ನನ್ನು ದಾಟಿ, ಸರ್ವೇಯರ ಮುಂದೆ ಹೋಗಿ ನಿಂತಳು. “ಏನ್ ಸ್ವಾಮಿ, ಕಾಯಿ ತುಂಬೋ ಒಲದಾಗೆ ಕಬ್ಣ ಎಳೀತಿದ್ದೀರಲ್ಲ, ನಿಮ್ಮನೇಲಿ ಉಣ್ಣಾಕಿಲ್ವಾ?” ಎಂದು ಶುರು ಮಾಡಿದಳು. ಆ ಮನುಷ್ಯ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಪೂರ್ತಿ ಕೇಳಿದರು. ಕೇಳುತ್ತಲೇ ಗುರುತು ಹಾಕಿಕೊಂಡರು. “ಗಿಡ ತುಳಿಯಲ್ಲಮ್ಮ, ನೋಡ್ಕೊಂಡೇ ಹೋಗ್ತೀವಿ. ನಂದೇನಿದೆ ಹೇಳಿ, ಅಳೆ ಅಂದ್ರು, ಅಳೀತೀನಿ. ತಕರಾರಿದ್ರೆ ಆಫೀಸಿಗೊಂದು ಅರ್ಜಿ ಕೊಡಿ” ಎಂದು ಮುಂದೆ ನಡೆದರು. ಅಜ್ಜಿಯ ಮಾತು ಅವರ ಬೆನ್ನಿಗೆ ತಗಲಿ ಸಾಲುಗಳ ನಡುವೆ ಬಿದ್ದುಹೋಯಿತು. ಇಡೀ ಊರು ಹೆದರುತ್ತಿದ್ದ ಬಾಯಿ ಅದು. ಅದರ ಮುಂದೆ ನಿಲ್ಲಬೇಕಾದ ಅಗತ್ಯ ಆ ಮನುಷ್ಯನಿಗೆ ಇರಲಿಲ್ಲ, ಅಷ್ಟೇ.

ನಿಲ್ಲಲೇಬೇಕಾಗಿದ್ದವನು ನಾನೊಬ್ಬ. ಕೈಯಲ್ಲಿ ಹಿತ್ತಾಳೆಯ ಹಿಡಿ. ಅಜ್ಜಿ ತಿರುಗಿ ನನ್ನ ಹತ್ತಿರ ಬಂದಳು. ಬೈಯಲಿ, ಈಗ ಬೈಯಲಿ, ಎಂದು ಕಣ್ಣು ಮುಚ್ಚಿದೆ.

“ಯಾವೂರಾಯ್ತು ಸ್ವಾಮಿ ನಿಮ್ದು?” ಎಂದಳು.

ಕಣ್ಣು ಬಿಟ್ಟೆ. ಅವಳು ನನ್ನ ಮುಖ ನೋಡುತ್ತಿರಲಿಲ್ಲ. ಲೋಟಕ್ಕೆ ಮಜ್ಜಿಗೆ ಬಗ್ಗಿಸುತ್ತಿದ್ದಳು.

“ಬಿಸ್ಲಾಗೆ ಕುಂತಿದ್ದೀರಾ. ಮಜ್ಗೆ ಕುಡೀರಿ. ಕೈ ಬಿಡಂಗಿಲ್ಲ ಅಂದ್ರೆ ಇಲ್ಲೇ ಮಡಗಿರ್ತೀನಿ.”

ಲೋಟವನ್ನು ಗೂಟದ ಪಕ್ಕದಲ್ಲಿಟ್ಟು, ಬುಟ್ಟಿ ಎತ್ತಿಕೊಂಡು ಹೋದಳು. ದೂರದಿಂದ ಸರ್ವೇಯರು, “ಕುಡಿಯಪ್ಪ ಆಮೇಲೆ. ಈ ಕಡೆ ಜನ ಎಷ್ಟು ಒಳ್ಳೇವ್ರು ನೋಡು” ಎಂದರು. ಲೋಟದ ಅಂಚಿನ ಮೇಲೆ ನೊಣ ಕೂತಿತು. ಓಡಿಸಲು ನನ್ನ ಕೈ ಖಾಲಿ ಇರಲಿಲ್ಲ.

ಸಂಜೆ ಮನೆಗೆ ಹೋದವನು ಸೀದಾ ಕಲ್ಲಿನ ಮೇಲೆ ನಿಂತೆ. ಅಜ್ಜಿ ಹೊರಗೆ ಬಂದಳು. ಕೈಯಲ್ಲಿ ಚೊಂಬಿನ ನೀರು.

“ಬನ್ನಿ. ಕಾಲ್ ತೊಳ್ಕಳಿ” ಎಂದು ಚೊಂಬು ಇಟ್ಟಳು. ಒಳಗೆ ನೆಂಟರಿಗೆ ಹಾಸುವ ಚಾಪೆ ಹಾಸಿತ್ತು. ಅಪ್ಪನಿಗಿಂತ ಮೊದಲು ನನಗೆ ಬಡಿಸಿದಳು. “ಇನ್ನೊಸಿ ಸಾರು ಬುಡ್ಲಾ? ಸಂಕೋಚ ಮಾಡ್ಕಬೇಡಿ.” ಅಪ್ಪ ನಕ್ಕ. “ಇದ್ಯಾವ ಆಟ ಅವ್ವಾ?” ಎಂದ. ಅಜ್ಜಿ ನನಗೆ ಇನ್ನೊಂದು ಸೌಟು ಸಾರು ಬಿಟ್ಟಳು. ಆ ರಾತ್ರಿ ಅವ್ವ ನನ್ನ ಬಾಯಿಂದ ವಿಷಯ ಹೊರಡಿಸಿ, ಅಪ್ಪನಿಗೆ ತಿಳಿಸಿದಳು. ಮಾರನೆಯ ದಿನ ಅಪ್ಪ ನಗಲಿಲ್ಲ. ಬೈಯಲೂ ಇಲ್ಲ. ನಮ್ಮ ಮನೆಯಲ್ಲಿ ಬೈಯುವ ಕೆಲಸ ಅಜ್ಜಿಯದು. ಅವಳು ಬಿಟ್ಟದ್ದನ್ನು ಇನ್ನೊಬ್ಬರು ಎತ್ತಿಕೊಳ್ಳುವ ಹಾಗಿರಲಿಲ್ಲ.

ಹನ್ನೊಂದು ದಿನ ಹೀಗೆ ನಡೆಯಿತು. ಹುಟ್ಟಿದ ಮನೆಯಲ್ಲಿ ನೆಂಟನಾಗಿರುವ ಕಷ್ಟ ಅನುಭವಿಸಿದವರಿಗೇ ಗೊತ್ತು. ಅಡುಗೆಮನೆಗೆ ಕಾಲಿಟ್ಟರೆ, “ನಿಮ್ಗ್ಯಾಕೆ ತೊಂದ್ರೆ, ಏನ್ ಬೇಕು ಕೇಳಿ” ಎನ್ನುವಳು. ಎಮ್ಮೆಗೆ ಹುಲ್ಲು ಹಾಕಲು ಹೋದರೆ ಕೈಯಿಂದ ಹುಲ್ಲು ಇಸಿದುಕೊಳ್ಳುವಳು. ಮೊದಲು ತಪ್ಪಿಸಿಕೊಳ್ಳಲು ಕಳ್ಳದಾರಿ ಹುಡುಕುತ್ತಿದ್ದ ತರಾಟೆಗಾಗಿ ಈಗ ನಾನೇ ಅಲೆಯತೊಡಗಿದೆ. ಬೇಕೆಂದೇ ತಡವಾಗಿ ಬಂದೆ. “ಕೆಲ್ಸ ಜಾಸ್ತಿ ಇತ್ತೇನೋ ಪಾಪ” ಎಂದಳು. ಬೇಕೆಂದೇ ಮಡಕೆ ಒಡೆದೆ. “ಮಣ್ಣಿಂದಲ್ವಾ, ಓಗ್ಲಿ ಬುಡಿ” ಎಂದಳು. ಕಡೆಗೆ ಒಂದು ಬೆಳಿಗ್ಗೆ ಹಾಲು ಕರೆಯುವ ಮೊದಲೇ ಕರುವಿನ ಹಗ್ಗ ಬಿಚ್ಚಿಬಿಟ್ಟೆ. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಅಪರಾಧವಿಲ್ಲ. ಅಜ್ಜಿ ಖಾಲಿ ತಂಬಿಗೆ ಹಿಡಿದುಕೊಂಡು ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ಮೊಲೆಗೆ ಬಾಯಿ ಹಾಕಿದ್ದ ಕರುವನ್ನೇ ನೋಡಿದಳು.

“ಕುಡೀಲಿ ಬುಡಿ. ಅದ್ಕೆ ತಾಯಿ ಯಾರೂ ಅಂತ ಗೊತ್ತೈತಲ್ಲ” ಎಂದು ಒಳಗೆ ಹೋದಳು.

ಅವ್ವ ತಡೆಯಲಾರದೆ ಒಂದು ದಿನ ಕೇಳಿಯೇಬಿಟ್ಟಳು: “ಒಂದ್ಸಲ ಉಗ್ದು ಮುಗ್ಸ್ಬುಡು ಅತ್ತೆ. ಉಡ್ಗ ಒಣ್ಗೋಗ್ತಾವ್ನೆ.”

“ಗೊತ್ತಿಲ್ದೋರ್ನ ನಾನೆಂಗ್ ಬೈಯ್ಲಿ?” ಎಂದಳು ಅಜ್ಜಿ.

ಮುದುಕಿಯ ಹಟ ಎಂದುಕೊಂಡಿದ್ದೆ. ಆ ಮಾತು ಕೇಳಿದ ಮೇಲೆ ಹಟವಲ್ಲ ಎಂದು ಗೊತ್ತಾಯಿತು. ಕುದುರೆ ಮೇಲೆ ಬಂದವನ ವಿಚಾರ ಅವಳು ಹಿಂದೆಯೇ ಹೇಳಿದ್ದಳಲ್ಲ. ಸರ್ವೇಯರಿಗೆ ಹೇಗೋ ನನಗೂ ಹಾಗೆ: ಮಜ್ಜಿಗೆ ಕೊಡಬಹುದು, ಚಾಪೆ ಹಾಸಬಹುದು, ತರಾಟೆಗೆ ಮಾತ್ರ ತೆಗೆದುಕೊಳ್ಳುವ ಹಾಗಿಲ್ಲ. ಆ ಹಕ್ಕನ್ನು ನಾನೇ ಹೊಲದಲ್ಲಿ ಎಲ್ಲರೆದುರು ಕಿತ್ತುಕೊಂಡಿದ್ದೆ. ವಾಪಸು ಕೊಡಬೇಕಾದವನೂ ನಾನೇ. ಅದೂ ಯಾರ ಮುಂದೆ ಕಿತ್ತುಕೊಂಡೆನೋ ಅವರ ಮುಂದೆಯೇ.

ಹನ್ನೊಂದನೆಯ ದಿನ ಮಧ್ಯಾಹ್ನ ಹೊಂಗೆ ಮರದ ನೆರಳಲ್ಲಿ ಸರ್ವೇಯರು ಟಿಫನ್ ಕ್ಯಾರಿಯರ್ ಬಿಚ್ಚುತ್ತಿದ್ದರು.

“ಸಾರ್, ಅವತ್ತು ಮಜ್ಜಿಗೆ ಕೊಟ್ರಲ್ಲ ಒಬ್ರು ಅಜ್ಜಿ...”

“ಹ್ಞೂಂ?”

“ನಮ್ಮಜ್ಜಿ ಸಾರ್. ಆ ಅವರೆ ಹೊಲ ನಮ್ದು.”

ಅವರು ಮುಚ್ಚಳವನ್ನು ಮತ್ತೆ ಮುಚ್ಚಿದರು. “ಮೊದಲ್ನೇ ದಿನಾನೇ ಕೇಳಿದ್ನಲ್ಲಯ್ಯಾ ನಿನ್ನ.”

“ಕೇಳಿದ್ರಿ ಸಾರ್.”

“ಹೊಲದಲ್ಲೂ ಕೇಳ್ದೆ.”

“ಹೌದು ಸಾರ್.”

ಇವರಾದರೂ ಬೈಯಬಹುದು ಎಂದು ಕಾದೆ. ಅವರು ಬೈಯಲಿಲ್ಲ. ಅಳತೆ ಪುಸ್ತಕ ತೆಗೆದು, ನಮ್ಮ ಹೊಲದ ಪುಟ ಹುಡುಕಿ, ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆದರು. “ಇದು ರದ್ದು. ಇನ್ನೊಂದ್ಸಲ ಅಳೀಬೇಕು. ನೀನು ನಾಳೆಯಿಂದ ಬರೋದ್ ಬೇಡಪ್ಪ. ಬೇಜಾರು ಮಾಡ್ಕೋಬೇಡ.” ಪುಸ್ತಕ ಮುಚ್ಚಿಟ್ಟು, “ಅಲ್ಲಯ್ಯಾ, ಆಯಮ್ಮ ನನ್ ಮುಂದೆ ನಿನ್ನ ಬಿಟ್ಕೊಡ್ಲಿಲ್ವಲ್ಲಯ್ಯಾ!” ಎಂದರು.

ಅದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಮನೆಗೆ ಹೋದಾಗ ಅಜ್ಜಿ ಜಗಲಿಯ ಮೇಲೆ ನೆನೆಸಿದ ಅವರೆಕಾಳನ್ನು ಹಿತಕುತ್ತಾ ಕೂತಿದ್ದಳು. ಬೆರಳ ತುದಿಯಿಂದ ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತಿತ್ತು, ಸಿಪ್ಪೆ ಮೊರಕ್ಕೆ.

“ಬನ್ನಿ. ಇವತ್ತೇನು ಬಿರ್ನೆ ಬಂದ್ರಿ?”

ನಾನು ಕಲ್ಲಿನ ಮೇಲೆ ನಿಂತೆ. “ಅಜ್ಜೀ, ಯೋಳ್ಬುಟ್ಟೆ.”

“ಏನು?”

“ನಮ್ಮಜ್ಜಿ ಅಂತ ಯೋಳ್ಬುಟ್ಟೆ. ಕೆಲ್ಸದಿಂದ ತೆಗ್ದ್ಬುಟ್ರು.”

ಬೆರಳು ನಿಂತಿತು. ಅವಳು ಕೈ ಒರೆಸಿಕೊಂಡು ಎದ್ದಳು, ಜಗಲಿ ದಾಟಿ ಹೊಸ್ತಿಲ ಒಳಗಡೆ ಹೋದಳು, ನನ್ನ ಕಡೆಗೆ ತಿರುಗಿದಳು.

“ನಾನ್ಯಾರ್ಲಾ ಕೇಳಾಕೆ? ಊ? ದಾರೀಲಿ ಮಜ್ಗೆ ಮಾರೋಳು ನಾನು! ಉಟ್ಟಿ ಮೂರ್ ದಿನ ಕಣ್ ಬುಡ್ಲಿಲ್ಲ ನೀನು, ಬರಿಗಾಲ್ನಾಗೆ ಬೇಗೂರ್ಗಂಟ ನಡ್ದು ಅರ್ಕೆ ಕಟ್ಕಂಡೋಳು ಯಾರ್ಲಾ? ಗೊತ್ತಿಲ್ಲ ಸಾರ್! ಬಾವಿಗ್ ಬಿದ್ದಾಗ ಸೀರೆ ಬಿಚ್ಚಿ ಇಳಿಬಿಟ್ಟೋಳು ಯಾರ್ಲಾ? ಗೊತ್ತಿಲ್ಲ ಸಾರ್! ಆಯ್ತು, ಅಂದೋನು ಅಂದೆ. ಅಂದಿದ್ದನ್ನ ಒಟ್ಟೇಲಿ ಮಡಿಕ್ಕಳಾಕೂ ಆಗ್ಲಿಲ್ವಾ ನಿಂಗೆ? ನನ್ ಮೊಮ್ಮಗ್ನೇ ಸ್ವಾಮಿ ಸ್ವಾಮಿ ಅಂತ ಕರ್ದು, ನಾಲ್ಗೆ ಕಚ್ಕಂಡು ಉಳ್ಸಿದ್ ಕೆಲ್ಸ ಕಣ್ಲಾ ಅದು! ಓಗಿ ಅದ್ನೂ ಕಳ್ಕಂಡ್ ಬಂದ್ಯಾ ಮುಂಡೇದೇ!”

ನನಗೆ ಅಳು ಬಂತು, ಜೊತೆಗೆ ನಗುವೂ. ಎರಡನ್ನೂ ಬಿಡಲಿಲ್ಲ ಅವಳು. “ಅಲ್ಲು ಕಿಸ್ಕಂಡ್ ನಗ್ತಾನೆ ನೋಡು!” ಒಡೆದ ಮಡಕೆ ಬಂತು, ತಡವಾಗಿ ಬಂದ ಸಂಜೆಗಳು ಬಂದವು, ಕರು ಕುಡಿದ ಹಾಲು ಬಂತು. ಹನ್ನೊಂದು ದಿನ ಎಲ್ಲವನ್ನೂ ಒಂದೊಂದಾಗಿ ಎತ್ತಿಟ್ಟುಕೊಂಡಿದ್ದಳು. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ಕೇಳಿ, ಮುಂದಕ್ಕೆ ಹೋದರು. ಹೊಲದ ಮಾತು ಬಂದಾಗ ಮಾತ್ರ ಅವಳ ಕಣ್ಣು ನನ್ನ ಮೇಲಿಂದ ಸರಿಯಿತು. “ನನ್ ಮಾವ ಕಲ್ಲಾಯ್ದ ಒಲ ಅದು... ಅದ್ರಾಗೆ ಕಬ್ಣ ಎಳ್ಕಂಡು...” ಎಂದಳು. ಯಾರನ್ನು ನಿಲ್ಲಿಸಿಕೊಂಡು ಕೇಳಬೇಕೋ ಅವಳಿಗೆ ತಿಳಿಯಲಿಲ್ಲ. ಆ ಮಾತಿಗೆ ಕಲ್ಲಿನ ಮೇಲೆ ನಿಲ್ಲುವವರು ಇರಲಿಲ್ಲ. ನಾನು ಇಳಿಯಲಿಲ್ಲ. ಅದಕ್ಕೂ ನಾನೇ ನಿಂತಿದ್ದೆ.

ಒಳಗಿಂದ ಅವ್ವ ಎರಡು ಸಲ ಸಾರು ಬಿಸಿ ಮಾಡಿದ ಸದ್ದು ಕೇಳಿಸಿತು.

“ಕೈ ತೊಳ್ಕೊ” ಎಂದಳು ಅಜ್ಜಿ ಕೊನೆಗೆ.

ಮೂರು ದಿನದ ಮೇಲೆ ಹೊಲವನ್ನು ಮತ್ತೆ ಅಳೆದರು. ಅಳತೆಯಲ್ಲಿ ವ್ಯತ್ಯಾಸವೇನೂ ಬರಲಿಲ್ಲ. ಹೊಲ ಹೋಗುವುದು ಹೋಗಲೇಬೇಕಿತ್ತು. ನಾನೂ ಅಜ್ಜಿಯೂ ಹುಣಸೆ ಮರದ ಕೆಳಗೆ ನಿಂತು ನೋಡಿದೆವು. ಸರಪಳಿಯ ಹಿಂದಿನ ಹಿಡಿಯನ್ನು ನನ್ನದೇ ವಯಸ್ಸಿನ ಯಾರೋ ಹೊಸಬ ಹಿಡಿದಿದ್ದ. ಹೊಸಕೆರೆಹಳ್ಳಿ ಕಡೆಯವನಂತೆ. ಅಜ್ಜಿ ಅವನ ಹತ್ತಿರ ಹೋಗಿ, “ಯಾವೂರಾಯ್ತು ಸ್ವಾಮಿ ನಿಮ್ದು? ಮಜ್ಗೆ ಕುಡೀರಿ” ಎಂದು ಲೋಟ ಇಟ್ಟು ಬಂದಳು.

ನನ್ನ ಪಕ್ಕದಲ್ಲಿ ನಿಂತು ಸ್ವಲ್ಪ ಹೊತ್ತು ಆ ಕಡೆಗೇ ನೋಡಿದಳು. ಆಮೇಲೆ ನನ್ನ ಬೆನ್ನಿಗೊಂದು ಗುದ್ದಿದಳು.

“ಕಂಬದಂಗೆ ನಿಂತವ್ನೆ ನೋಡು. ಪಾಪ, ಆ ಉಡ್ಗನ ಕೈ ಖಾಲಿ ಇಲ್ಲ. ಓಗಿ ನೊಣ ಓಡುಸ್ಲಾ.”